56 ದಿನ, ಒಂದು ಟ್ರಕ್, 22 ಜನ

"ಗುರುತಿಲ್ಲದ ಜನರ ಜೊತೆ ಎರಡು ತಿಂಗಳು ಟ್ರಕ್ಕಿನಲ್ಲಿ ಆಫ್ರಿಕಾ ಸುತ್ತೋಕೆ ಹೋಗ್ತಿದ್ದೀನಿ, ಒಬ್ಬಳೇ. ಟೆಂಟ್ ಕೂಡ ಯಾರ ಜೊತೆಗೋ ಹಂಚಿಕೊಳ್ಳಬೇಕಂತೆ. ಹೋಗಿ ಬಂದವರಿಗೆ ಈಗ ಏನನ್ನಿಸುತ್ತದೆ?" ಅಂತ ಕೇಳಿದ್ದೀರಿ.

ನಾನು ಹೋಗಿದ್ದು 2018ರ ಜೂನ್‌ನಲ್ಲಿ. ಕೀನ್ಯಾದ ನೈರೋಬಿಯಲ್ಲಿ ಹತ್ತಿ ತಾಂಜಾನಿಯಾ, ಮಲಾವಿ, ಜಾಂಬಿಯಾ, ಬೋಟ್ಸ್ವಾನಾ, ನಮೀಬಿಯಾ ದಾಟಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಇಳಿದೆ. 56 ದಿನ. ನಾವು 22 ಜನ, ಜೊತೆಗೆ ಡ್ರೈವರ್ ಮತ್ತು ಗೈಡ್. ಒಂದು ಪಶ್ಚಾತ್ತಾಪ ಇದೆ, ಆದರೆ ಹೋಗಿದ್ದಕ್ಕಲ್ಲ.

ಮೊದಲು ಟ್ರಕ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ಎರಡು ತಿಂಗಳು ನಿಮ್ಮ ಮನೆ ಅದೇ. ಅದನ್ನ ಬಸ್ ಅನ್ನಬೇಡಿ, ಡ್ರೈವರ್‌ಗೆ ಬೇಜಾರಾಗುತ್ತದೆ. ಮೇಲೆ ಸೀಟು, ಹಿಂದೆ ಲಾಕರ್, ಹೊಟ್ಟೆಯೊಳಗೆ ಟೆಂಟು, ಗ್ಯಾಸ್ ಒಲೆ, ಪಾತ್ರೆ, ಮಡಚೋ ಕುರ್ಚಿ. ಇಲ್ಲಿ ಯಾರೂ ನಿಮಗೆ ಬಡಿಸೋದಿಲ್ಲ. ಗುಂಪು ಮಾಡಿ ಪಾಳಿ ಹಾಕಿರುತ್ತಾರೆ. ಒಂದು ದಿನ ತರಕಾರಿ ಹೆಚ್ಚೋದು, ಇನ್ನೊಂದು ದಿನ ಪಾತ್ರೆ, ಮತ್ತೊಂದು ದಿನ ಟ್ರಕ್ ಗುಡಿಸೋದು.

ತೊಳೆದ ತಟ್ಟೆ ಒರೆಸೋಕೆ ಬಟ್ಟೆ ಇಲ್ಲ. ಒಂದೇ ಒದ್ದೆ ಬಟ್ಟೆ ಎಲ್ಲರ ಹೊಟ್ಟೆಯನ್ನೂ ಕೆಡಿಸುತ್ತದೆ ಅಂತ. ಕೈಗೊಂದು ತಟ್ಟೆ ಹಿಡಿದು ನೀರು ಆರೋವರೆಗೂ ಗಾಳಿಗೆ ಬೀಸಬೇಕು. ಅದಕ್ಕೆ ಫ್ಲ್ಯಾಪಿಂಗ್ ಅಂತಾರೆ. ಮೊದಲ ರಾತ್ರಿ ನನಗೆ ಮುಜುಗರ ಆಯಿತು. ಹತ್ತನೇ ರಾತ್ರಿ ಹೊತ್ತಿಗೆ ಅದೇ ನಮ್ಮ ಹರಟೆಕಟ್ಟೆ ಆಗಿತ್ತು. ಹಣೆಗೆ ಕಟ್ಟಿದ ಟಾರ್ಚ್ ಆರಿಸಿ, ಕತ್ತಲಲ್ಲಿ ಎರಡು ಕೈಯಲ್ಲೂ ತಟ್ಟೆ ಬೀಸುತ್ತಾ ನಿಲ್ಲುತ್ತಿದ್ದೆವು. ಮುಖ ಕಾಣದಿದ್ದಾಗ, ಕೈಗೆ ಕೆಲಸ ಇದ್ದಾಗ, ಜನ ಮನಸ್ಸು ಬಿಚ್ಚುತ್ತಾರೆ. ಒಬ್ಬ ಹುಡುಗ ತನ್ನ ಅಪ್ಪ ತೀರಿಕೊಂಡ ವಿಷಯ ಮೊದಲ ಸಲ ಹೇಳಿದ್ದು ಹಾಗೆ, ಚಮಚಗಳ ಸದ್ದಿನ ನಡುವೆ.

ಜಗಳ ಆಗುತ್ತಾ? ಆಗುತ್ತೆ. ನಮ್ಮಲ್ಲಿ ದೊಡ್ಡ ಜಗಳ ಕಿಟಕಿಗೆ. ನಮೀಬಿಯಾದ ಜಲ್ಲಿ ರಸ್ತೆಯಲ್ಲಿ ಕಿಟಕಿ ತೆಗೆದರೆ ಹಲ್ಲಿನ ಸಂದಿಗೂ ಧೂಳು, ಮುಚ್ಚಿದರೆ ಸೆಕೆ. ಎರಡು ದಿನ ಎರಡು ಪಕ್ಷ ಮಾತು ಬಿಟ್ಟಿತ್ತು. ನಾನೂ ಬಿಟ್ಟಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಕೊನೆಗೆ ಟೆಂಟ್ ಹಾಕುವಾಗ ಗೂಟ ಹಿಡಿಯೋಕೆ ಇನ್ನೊಂದು ಕೈ ಬೇಕಾಯಿತು, ಹಾಗೇ ರಾಜಿಯಾಯಿತು.

ಕಂಪನಿಯ ಮೇಲೆ ಒಂದು ಸಿಟ್ಟು ಇನ್ನೂ ಇದೆ. ಜಾಂಬಿಯಾದ ಚಿಪಾಟಾದಲ್ಲಿ ಗೇರ್‌ಬಾಕ್ಸ್ ಕೆಟ್ಟು ಎರಡು ದಿನ ಹೋಯಿತು. ಆ ಎರಡು ದಿನವನ್ನ ಸೌತ್ ಲುವಾಂಗ್ವಾ ನ್ಯಾಷನಲ್ ಪಾರ್ಕ್‌ಗೆ ಇಟ್ಟಿದ್ದ ದಿನಗಳಲ್ಲಿ ಕಡಿತ ಮಾಡಿಬಿಟ್ಟರು. ಹಣ ವಾಪಸ್ ಇಲ್ಲ. ಗಾಡಿ ಕೆಟ್ಟರೆ ಯಾವ ಜಾಗ ಬಿಡ್ತೀರಿ, ಅದಕ್ಕೆ ಏನು ಕೊಡ್ತೀರಿ ಅಂತ ದುಡ್ಡು ಕಟ್ಟೋ ಮುಂಚೆ ಬರಹದಲ್ಲಿ ಕೇಳಿ.

ಇನ್ನು ದೊಡ್ಡ ಜಾಗಗಳು. ತಾಂಜಾನಿಯಾದ ನ್ಗೊರೊಂಗೊರೊ ಜ್ವಾಲಾಮುಖಿ ಕುಳಿ, 108 ಮೀಟರ್ ಎತ್ತರದ ವಿಕ್ಟೋರಿಯಾ ಜಲಪಾತ, ನಮೀಬಿಯಾ ಮರುಭೂಮಿಯ ಡೆಡ್‌ವ್ಲೇಯ ಒಣಗಿದ ಮರಗಳು, ಎಲ್ಲವೂ ಫೋಟೋದಲ್ಲಿ ನೋಡಿದಷ್ಟೇ ಚೆಂದ. ನನ್ನನ್ನ ನಿಜವಾಗಿ ಹಿಡಿದು ನಿಲ್ಲಿಸಿದ್ದು ಬೋಟ್ಸ್ವಾನಾದ ಒಕವಾಂಗೊ ನದಿ. ಆ ನದಿ ಸಮುದ್ರ ಸೇರೋದೇ ಇಲ್ಲ, ಕಲಹರಿ ಮರುಭೂಮಿಯ ಮರಳಲ್ಲಿ ಹರಡಿ, ಇಂಗಿ, ಆವಿಯಾಗಿ ಹೋಗುತ್ತದೆ. ಅಂಗೋಲಾದ ಬೆಟ್ಟಗಳಲ್ಲಿ ಬಿದ್ದ ಮಳೆ ತಿಂಗಳುಗಟ್ಟಲೆ ನಡೆದು ಬಂದು, ಇಲ್ಲಿ ಮಳೆಯೇ ಇಲ್ಲದ ಕಾಲದಲ್ಲಿ ಪ್ರವಾಹ ತರುತ್ತದೆ. ಮೊಕೊರೊ ಅನ್ನೋ ಸಣ್ಣ ದೋಣಿಯಲ್ಲಿ ನಿಮ್ಮನ್ನ ಕೂರಿಸಿ, ಹಿಂದೆ ಒಬ್ಬರು ನಿಂತು ಉದ್ದನೆ ಗಳ ಹಾಕಿ ನೂಕುತ್ತಾರೆ. ನೀರು ಮೊಣಕೈ ಮಟ್ಟದಲ್ಲೇ ಇರುತ್ತದೆ. ನೈದಿಲೆ ಎಲೆಯ ಅಡಿಭಾಗ ಕಾಣುತ್ತದೆ, ಜೊಂಡು ಕೆನ್ನೆಗೆ ತಾಕುತ್ತದೆ. ಟ್ರಕ್ಕಿನ ಇಂಜಿನ್ ಸದ್ದು ಒಂದು ತಿಂಗಳು ಕಿವಿಯಲ್ಲಿತ್ತಲ್ವಾ, ಅಲ್ಲಿ ಗಳದಿಂದ ತೊಟ್ಟಿಕ್ಕೋ ಹನಿ ಬಿಟ್ಟರೆ ಏನೂ ಕೇಳಿಸಲಿಲ್ಲ.

ಗಡಿಗಳೂ ನೆನಪಿವೆ. ಕೀನ್ಯಾ, ತಾಂಜಾನಿಯಾದಲ್ಲಿ ಉಗಾಲಿ ಅಂತ ತಿಂದ ಮೆಕ್ಕೆಜೋಳದ ಹಿಟ್ಟಿನ ಉಂಡೆ ಮಲಾವಿಯಲ್ಲಿ ನ್ಸಿಮಾ ಆಯಿತು, ಜಾಂಬಿಯಾದಲ್ಲಿ ನ್ಶಿಮಾ, ಕೊನೆಗೆ ಪಾಪ್. ಬೋಟ್ಸ್ವಾನಾಕ್ಕೆ ಹೋಗೋಕೆ ಕಜುಂಗುಲಾದಲ್ಲಿ ಜಾಂಬೆಜಿ ನದಿಯನ್ನ ಫೆರ್ರಿಯಲ್ಲಿ ದಾಟಬೇಕಿತ್ತು. ಸರಕು ಲಾರಿಗಳು ಅಲ್ಲಿ ದಿನಗಟ್ಟಲೆ ಸಾಲು ನಿಂತಿರುತ್ತಿದ್ದವು, ಡ್ರೈವರ್‌ಗಳು ಲಾರಿಯ ಕನ್ನಡಿಗೆ ಬಟ್ಟೆ ಒಣಹಾಕಿದ್ದರು. 2021ರಲ್ಲಿ ಸೇತುವೆ ತೆರೆದಿದೆ, ನಿಮಗೆ ಫೆರ್ರಿಗೆ ಕಾಯೋದು ಇರೋದಿಲ್ಲ. ಬೋಟ್ಸ್ವಾನಾದೊಳಗೆ ದನಗಳ ಕಾಲುಬಾಯಿ ಜ್ವರ ಹರಡದಂತೆ ಅಲ್ಲಲ್ಲಿ ಬೇಲಿ, ತಪಾಸಣೆ. ಎಲ್ಲರೂ ಇಳಿದು ಔಷಧಿ ನೀರಿನ ಚಾಪೆ ತುಳಿಯಬೇಕು, ಬ್ಯಾಗಿನಲ್ಲಿರೋ ಬೇರೆ ಜೋಡಿ ಚಪ್ಪಲಿಯನ್ನೂ ಅದ್ದಬೇಕು. ಹಸಿ ಮಾಂಸ ಇದ್ದರೆ ತೆಗೆದುಕೊಂಡುಬಿಡುತ್ತಾರೆ. ಹಾಗಾಗಿ ಬೇಲಿ ಬರೋ ಹಿಂದಿನ ರಾತ್ರಿ ನಮ್ಮ ಅಡುಗೆ ಪಾಳಿಯವರು ಇದ್ದಿದ್ದೆಲ್ಲ ಬೇಯಿಸಿಬಿಡುತ್ತಿದ್ದರು.

ಟೆಂಟ್ ವಿಷಯ. ಒಬ್ಬೊಬ್ಬರೇ ಬಂದ ಹೆಂಗಸರನ್ನ ಜೋಡಿ ಮಾಡ್ತಾರೆ. ನನಗೆ ಸಿಕ್ಕಿದ್ದು ನ್ಯೂಜಿಲೆಂಡಿನ ಒಬ್ಬ ನಿವೃತ್ತ ಟೀಚರ್. ಗೊರಕೆ ಜಾಸ್ತಿ. ಮೊದಲ ವಾರ ಬೇರೆ ಟೆಂಟ್ ಕೇಳೋಣ ಅಂದುಕೊಂಡಿದ್ದೆ. ಆಮೇಲೆ ಸೆರೆಂಗೆಟಿಯಲ್ಲಿ ಕತ್ತೆಕಿರುಬ ಟೆಂಟಿನ ಪಕ್ಕದಲ್ಲೇ ಕೂಗಿದ ರಾತ್ರಿ ಅವರು ಸುಮ್ನೆ ನನ್ನ ಕೈ ಹಿಡಿದುಕೊಂಡು ಮಲಗಿದರು. ಗೊರಕೆಗೆ ಕಿವಿಗೆ ಹತ್ತಿ ಸಾಕಾಯಿತು. ಬೆಳಗಿನ ಜಾವ ನಾಲ್ಕೂವರೆಗೆ, ಇಬ್ಬನಿಯಲ್ಲಿ ನೆನೆದ ಟೆಂಟನ್ನ ಕೈ ಮರಗಟ್ಟುವ ಚಳಿಯಲ್ಲಿ ಮಡಚುವಾಗ ನಮಗೆ ಮಾತೇ ಬೇಕಾಗುತ್ತಿರಲಿಲ್ಲ. ಅವರು ಆ ತುದಿ, ನಾನು ಈ ತುದಿ.

ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪ್ರತಿ ಸಂಜೆ ಡ್ರೈವರ್ ಹತ್ತಿರ ಹೋಗಿ ಇವತ್ತು ಎಷ್ಟು ಕಿಲೋಮೀಟರ್ ಅಂತ ಕೇಳಿ ಬರೆದುಕೊಳ್ಳುತ್ತಿದ್ದರು, ಜೊತೆಗೆ ಕಿಟಕಿಯಿಂದ ಕಂಡದ್ದು ಒಂದೆರಡು ಸಾಲು. ಇದೇನು ಲೆಕ್ಕ ಅನ್ನಿಸುತ್ತಿತ್ತು ನನಗೆ. ಟ್ರಕ್ ದಿನವಿಡೀ ಓಡೋ ದಿನಗಳನ್ನ ನಾನು ವ್ಯರ್ಥ ಅಂದುಕೊಂಡಿದ್ದೆ. ಕಿವಿಗೆ ಹಾಡು ಹಾಕಿಕೊಂಡು ಮಲಗಿಬಿಡುತ್ತಿದ್ದೆ, ಮುಂದಿನ ದೊಡ್ಡ ಜಾಗ ಬರಲಿ ಅಂತ. 56ರಲ್ಲಿ ಅರ್ಧದಷ್ಟು ದಿನ ಓಡೋ ದಿನಗಳೇ.

ಹೋದ ವರ್ಷ ಅವರು ಆ ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು ಕಳಿಸಿದರು. ತಾಂಜಾನಿಯಾದಲ್ಲಿ ಜಂಜಿಬಾರ್ ದ್ವೀಪ ಮುಗಿಸಿ ದಾರ್ ಎಸ್ ಸಲಾಮ್‌ನಿಂದ ಇರಿಂಗಾಗೆ ಹೋದ ದಿನದ ಪುಟದಲ್ಲಿ ಹೀಗಿದೆ: ಸುಮಾರು 500 ಕಿಲೋಮೀಟರ್. ಹೆದ್ದಾರಿ ಮಿಕುಮಿ ಕಾಡಿನ ಮಧ್ಯೆ ಹೋಗುತ್ತದೆ, ರಸ್ತೆ ಪಕ್ಕ ಆನೆ ಹಿಂಡು, ಮರಿ ಎರಡು. ಆಮೇಲೆ ಕಣಿವೆ ತುಂಬ ಬಾವೊಬಾಬ್ ಮರಗಳು, ಎಣಿಸೋಕಾಗಲಿಲ್ಲ. ಸೈಕಲ್ ಮೇಲೆ ಇದ್ದಿಲ ಮೂಟೆ ಹೊತ್ತ ಒಬ್ಬ ನಮ್ಮನ್ನ ನೋಡಿ ಕೈ ಬೀಸಿದ.

ಅದರ ಕೆಳಗೆ ನನ್ನ ಹೆಸರು ಬರೆದು, "ಪಾಪ, ಸುಸ್ತಾಗಿದೆ, ಎಬ್ಬಿಸಲಿಲ್ಲ" ಅಂತ ಬರೆದಿದ್ದಾರೆ.