ಘಾಟಿ ಹತ್ತುವಾಗ ಜೊತೆಗಾರ ಯಾವ ಉಪಯೋಗಕ್ಕೂ ಬರುವುದಿಲ್ಲ

ನಿಮ್ಮ ಪ್ರಶ್ನೆ ಇದು: "ಬೆಟ್ಟ, ಘಾಟಿ ಇರುವ ದಾರಿಯನ್ನೇ ಹುಡುಕಿಕೊಂಡು ಮುನ್ನೂರು ನಾನ್ನೂರು ಕಿಲೋಮೀಟರ್ ಸೈಕಲ್ ತುಳಿಯುತ್ತಾರಲ್ಲ, ಅವರಿಗೆ ಅದರಲ್ಲಿ ಏನು ಸಿಗುತ್ತೆ? ಹೊರಡುವಾಗ ಗುಂಪಾಗಿ ಹೊರಡುತ್ತಾರೆ, ಆಮೇಲೆ ನೋಡಿದರೆ ಒಬ್ಬೊಬ್ಬರೇ ಏದುಸಿರು ಬಿಡುತ್ತಾ ಹತ್ತುತ್ತಿರುತ್ತಾರೆ. ಹಾಗಿದ್ದ ಮೇಲೆ ಜೊತೆ ಯಾಕೆ?"

ಮೊದಲ ಭಾಗಕ್ಕೆ ನಮ್ಮ ಮನೆಯವರ ಹತ್ತಿರ ಉತ್ತರ ಸಿದ್ಧ ಇದೆ: "ಮಾಡಕ್ಕೆ ಬೇರೆ ಕೆಲಸ ಇಲ್ಲ." ಎರಡನೆಯ ಭಾಗಕ್ಕೆ ನಾನು ಉತ್ತರ ಕೊಡಲು ನೋಡುತ್ತೇನೆ. ಯಾಕೆಂದರೆ ನೀವು ಕಂಡಿದ್ದು ಸರಿಯಾಗಿದೆ. ಘಾಟಿಯಲ್ಲಿ ಎಲ್ಲರೂ ಒಬ್ಬೊಬ್ಬರೇ.

ನಾನು ಹಾಸನದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವವನು. ವಯಸ್ಸು 48. ಆರು ವರ್ಷದಿಂದ ಬಿಆರ್‌ಎಂ ತುಳಿಯುತ್ತಿದ್ದೇನೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ; ಇಂಥ ಒಂದೊಂದು ಸವಾರಿಗೆ ಬ್ರೆವೆ ಅನ್ನುತ್ತಾರೆ. ಗೊತ್ತಿಲ್ಲದವರಿಗೆ ಎರಡು ಮಾತು: ಇದು ರೇಸ್ ಅಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಅಷ್ಟರೊಳಗೆ ಮುಗಿಸಿದರೆ ಆಯಿತು, ಮೊದಲು ಬಂದವನೂ ಒಂದೇ, ಕೊನೆಗೆ ಬಂದವನೂ ಒಂದೇ. ದಾರಿಯಲ್ಲಿ ಕಂಟ್ರೋಲ್ ಅಂತ ಜಾಗಗಳಿರುತ್ತವೆ, ಅಲ್ಲಿ ಬ್ರೆವೆ ಕಾರ್ಡಿಗೆ ಮುದ್ರೆಯೋ ಸಹಿಯೋ ಹಾಕಿಸಿಕೊಂಡು ಮುಂದಕ್ಕೆ ಹೋಗಬೇಕು. ಮುಗಿಸಿದ ಸವಾರಿಗೆ ಮಾನ್ಯತೆ ಕೊಡುವುದು ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್. ಬಹುಮಾನ ಇಲ್ಲ. ಮೆಡಲ್ ಬೇಕೆಂದರೆ ನಾವೇ ದುಡ್ಡು ಕೊಟ್ಟು ತರಿಸಿಕೊಳ್ಳಬೇಕು. (ಈ ಕೊನೆಯ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ.)

ಈಗ ಜೊತೆಯ ಮಾತು. ಬಯಲುಸೀಮೆಯಲ್ಲಿ ಜೊತೆಗಾರನಿಂದ ನೇರ ಲಾಭ ಇದೆ. ಎದುರುಗಾಳಿಗೆ ಮುಂದಿನವನು ಎದೆ ಕೊಟ್ಟು ಹೋಗುತ್ತಾನೆ, ನಾವು ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ಬರುತ್ತೇವೆ. ನಮ್ಮ ಶ್ರಮದಲ್ಲಿ ಕಾಲು ಭಾಗ ಉಳಿಯುತ್ತದೆ. ಹತ್ತು ನಿಮಿಷ ಅವನು ಮುಂದೆ, ಹತ್ತು ನಿಮಿಷ ನಾನು. ಇದು ಮುಯ್ಯಾಳಿನ ಲೆಕ್ಕ: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಲ್ಲಿ ಸ್ನೇಹ ಎಷ್ಟು, ವ್ಯವಹಾರ ಎಷ್ಟು ಅಂತ ಹೇಳುವುದು ಕಷ್ಟ.

ಘಾಟಿಯ ಬುಡಕ್ಕೆ ಬಂದರೆ ಈ ಲೆಕ್ಕವೆಲ್ಲ ಹರಿದುಹೋಗುತ್ತದೆ. ಗಂಟೆಗೆ ಏಳೋ ಎಂಟೋ ಕಿಲೋಮೀಟರ್ ವೇಗದಲ್ಲಿ ಸೀಳುವುದಕ್ಕೆ ಗಾಳಿಯೇ ಇರುವುದಿಲ್ಲ. ಕಾಲಿನ ಬಲವೆಲ್ಲ ನಮ್ಮ ಮೈಯನ್ನೂ ಸೈಕಲ್ಲನ್ನೂ ಮೇಲಕ್ಕೆ ಎತ್ತುವುದಕ್ಕೇ ಹೋಗುತ್ತದೆ, ಆ ಭಾರದಲ್ಲಿ ಯಾರೂ ಪಾಲು ತೆಗೆದುಕೊಳ್ಳಲಾರರು. ಅದರ ಮೇಲೆ ಒಬ್ಬೊಬ್ಬರ ಕಾಲಿಗೆ ಒಂದೊಂದು ತಾಳ. ನನಗಿಂತ ನಿಧಾನ ಹೋಗುವವನ ಜೊತೆ ಹತ್ತುವುದೂ ಹಿಂಸೆ, ಜೋರಾಗಿ ಹೋಗುವವನ ಜೊತೆ ಹತ್ತುವುದೂ ಹಿಂಸೆ. ಹಾಗಾಗಿ ಎರಡನೇ ತಿರುವಿನ ಹೊತ್ತಿಗೆ ಗುಂಪು ಚೆಲ್ಲಾಪಿಲ್ಲಿ.

ಅಂದರೆ ಘಾಟಿಯಲ್ಲಿ ಜೊತೆಗಾರ ಯಾವ ಉಪಯೋಗಕ್ಕೂ ಬರುವುದಿಲ್ಲ. ಆದರೂ ಅವನು ಬೇಕು ಅನ್ನಿಸುತ್ತದೆ. ನನ್ನನ್ನು ಹಿಡಿದಿರುವುದು ಇದೇ.

ಈ ಆಟದ ಚರಿತ್ರೆಯಲ್ಲೂ ಇದೇ ಜಗಳ ನಡೆದಿದೆ. ಆರಂಭದಲ್ಲಿ ಆಡಾಕ್ಸ್ ಎಂದರೆ ಎಲ್ಲರೂ ಒಂದೇ ಗುಂಪಾಗಿ, ಮುಂದೆ ಒಬ್ಬ ನಾಯಕ, ಅವನು ಹಿಡಿದ ವೇಗದಲ್ಲೇ ಸಾಗುವುದು. ಆ ಪದ್ಧತಿ ಇವತ್ತಿಗೂ ಇದೆ, ಸರಾಸರಿ ಗಂಟೆಗೆ 22.5 ಕಿ.ಮೀ. 1921ರಲ್ಲಿ ಆಡಾಕ್ಸ್ ಕ್ಲಬ್ಬಿನವರು ಅದರಿಂದ ಬೇರೆಯಾಗಿ, ಅವರವರ ವೇಗದಲ್ಲಿ ಅವರವರು ಹೋಗಲಿ ಅನ್ನುವ ಬ್ರೆವೆ ಶುರು ಮಾಡಿದರು. ನಾವು ತುಳಿಯುವುದು ಇದನ್ನು. ಇದರಲ್ಲಿ ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಇನ್ನೊಂದು ನಿಯಮ ನನಗೆ ಬಹಳ ಇಷ್ಟ: ಹಿಂದೆ ಕಾರು ಇಟ್ಟುಕೊಂಡು ನೀರು, ಬಾಳೆಹಣ್ಣು ಕೊಡಿಸಿಕೊಳ್ಳುವಂತಿಲ್ಲ. ಹೊರಗಿನವರ ಸಹಾಯ ಏನಿದ್ದರೂ ಕಂಟ್ರೋಲಿನಲ್ಲಿ ಮಾತ್ರ. ಆದರೆ ಜೊತೆಗೆ ತುಳಿಯುತ್ತಿರುವವನು ಟ್ಯೂಬ್ ಕೊಟ್ಟರೆ, ಬಿಸ್ಕತ್ತು ಕೊಟ್ಟರೆ ತಪ್ಪಿಲ್ಲ. ಕಷ್ಟದಲ್ಲಿ ಇರುವವನೇ ಕಷ್ಟದಲ್ಲಿ ಇರುವವನಿಗೆ ಕೊಡಬೇಕು.

ಒಂದು ಸವಾರಿಯ ಕಥೆ ಹೇಳುತ್ತೇನೆ. ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳು, 300ರ ಬ್ರೆವೆ. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ, ಬೆಳ್ತಂಗಡಿ, ಕಾರ್ಕಳ, ಹೆಬ್ರಿ, ಆಗುಂಬೆ ಹತ್ತಿ ಶೃಂಗೇರಿ, ಬಾಳೆಹೊನ್ನೂರು, ಆಲ್ದೂರು, ಮತ್ತೆ ಚಿಕ್ಕಮಗಳೂರು. ಒಂದು ಘಾಟಿ ಇಳಿಯುವುದು, ಒಂದು ಘಾಟಿ ಹತ್ತುವುದು. ಕೇಳಲು ಸಮ ಅನ್ನಿಸುತ್ತದೆ. ಅಲ್ಲ. ಇಳಿದದ್ದು ಬೆಳಗಿನ ಚಳಿಯಲ್ಲಿ, ಹತ್ತಬೇಕಾದದ್ದು ಮಟಮಟ ಮಧ್ಯಾಹ್ನ.

ನಾವು ಮೂವರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು, ನನಗಿಂತ ಐದು ವರ್ಷಕ್ಕೆ ದೊಡ್ಡವರು. ಸಾಫ್ಟ್‌ವೇರಿನ ಹುಡುಗ ಒಬ್ಬ, ಇಪ್ಪತ್ತೇಳರ ಪ್ರಾಯ, ನಮ್ಮಿಬ್ಬರ ಸೈಕಲ್ ಸೇರಿಸಿದರೂ ಅವನ ಸೈಕಲ್ಲಿನ ಬೆಲೆ ಆಗುವುದಿಲ್ಲ. ಮತ್ತೆ ನಾನು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಆರೂಕಾಲಿಗೆ ಕೊಟ್ಟಿಗೆಹಾರ. ಅಲ್ಲಿ ನೀರುದೋಸೆ ತಿನ್ನದೆ ಘಾಟಿ ಇಳಿಯುವುದು ಪದ್ಧತಿಯಲ್ಲ. ತಿಂದೆವು. ಹುಡುಗ ನಿಂತುಕೊಂಡೇ ತಿಂದು ಗಡಿಯಾರ ನೋಡುತ್ತಿದ್ದ.

ಚಾರ್ಮಾಡಿ ಇಳಿಯುವಾಗ ಮಂಜು. 2019ರ ಮಳೆಗೆ ಕುಸಿದು ತಿಂಗಳುಗಟ್ಟಲೆ ಮುಚ್ಚಿದ್ದ ರಸ್ತೆ ಅದು. ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿ, ಕೆಳಗೆ ಬಂದಾಗ ನೀರಿನ ಬಾಟಲಿಯ ಮುಚ್ಚಳ ಬಿಚ್ಚಲೂ ಆಗಲಿಲ್ಲ. ಅಲ್ಲಿಂದ ಹೆಬ್ರಿಯವರೆಗೆ ಹೇಳುವಂಥದ್ದು ಏನಿಲ್ಲ, ಸೆಖೆಯೊಂದನ್ನು ಬಿಟ್ಟರೆ. ಘಟ್ಟದ ಮೇಲಿನವರಿಗೆ ಆ ಬೆವರು ಅರ್ಥವೇ ಆಗುವುದಿಲ್ಲ, ಒರೆಸಿದರೆ ಒರೆಸಿದ ಕೈಯೂ ಬೆವರುತ್ತದೆ. ಹೆಬ್ರಿಯಲ್ಲಿ ಎರಡೆರಡು ಲೋಟ ಪುನರ್ಪುಳಿ ಶರಬತ್ತು ಕುಡಿದು, ಒಂದು ಗಂಟೆಗೆ ಸೋಮೇಶ್ವರದಲ್ಲಿ ಆಗುಂಬೆ ಘಾಟಿಯ ಬುಡದಲ್ಲಿ ನಿಂತಿದ್ದೆವು.

ಆಗುಂಬೆ ಎಂದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅಂತ ಪಾಠದಲ್ಲಿ ಓದಿದ್ದೇವೆ. ಮಾರ್ಚಿಯಲ್ಲಿ ಅದರ ಒಂದು ಹನಿಯೂ ಮಿಕ್ಕಿರುವುದಿಲ್ಲ. ಹತ್ತು ಕಿಲೋಮೀಟರಿನ ಆಸುಪಾಸು ದಾರಿ, 14 ಹೇರ್‌ಪಿನ್ ತಿರುವು, ಅರ್ಧ ಕಿಲೋಮೀಟರಿನಷ್ಟು ಎತ್ತರ. ನಾನು ಮುಂದೆ 34 ಹಲ್ಲು, ಹಿಂದೆ 32ಕ್ಕೆ ಹಾಕಿಕೊಂಡು ಹೊರಟೆ. ಅದಕ್ಕಿಂತ ಹಗುರದ ಗೇರ್ ನನ್ನ ಸೈಕಲ್ಲಿನಲ್ಲಿಲ್ಲ, ಆದರೂ ಪ್ರತಿ ತಿರುವಿನಲ್ಲೂ ಬೆರಳು ತಾನಾಗಿ ಇನ್ನೊಂದು ಗೇರ್ ಹುಡುಕುತ್ತದೆ. ಹುಡುಗ ಒಂದೇ ನಿಮಿಷದಲ್ಲಿ ಕಣ್ಮರೆ. ಮೇಷ್ಟ್ರು ಹಿಂದೆ. ಉಳಿದದ್ದು ನಾನು, ಚೈನಿನ ಸದ್ದು, ಹೆಲ್ಮೆಟ್ಟಿನಿಂದ ತೊಟ್ಟಿಕ್ಕಿ ಕನ್ನಡಕದ ಮೇಲೆ ಬೀಳುವ ಬೆವರು. ತಡೆಗೋಡೆಯ ಮೇಲೆ ಕೂತ ಮಂಗಗಳು ಪಾಪ ಅನ್ನುವ ಹಾಗೆ ನೋಡುತ್ತಿದ್ದವು.

ಒಂಬತ್ತನೇ ತಿರುವಿನಲ್ಲಿ ಹುಡುಗ ಸಿಕ್ಕಿದ. ಸೈಕಲ್ ತಡೆಗೋಡೆಗೆ ಒರಗಿಸಿ, ರಸ್ತೆಯಂಚಿನಲ್ಲಿ ಕೂತು ಎಡಗಾಲು ನೀಡಿಕೊಂಡಿದ್ದ. ಮೀನಖಂಡ ಹಿಡಿದುಕೊಂಡಿತ್ತು. ಚರ್ಮದ ಕೆಳಗೆ ಸ್ನಾಯು ಇಲಿ ಓಡಾಡಿದ ಹಾಗೆ ಕುಣಿಯುತ್ತಿತ್ತು. ಮುಖದ ತುಂಬ ಉಪ್ಪಿನ ಬಿಳಿ ಗೆರೆ. ನಾನು ಔಷಧಿ ಅಂಗಡಿಯವನು, ಹತ್ತು ಥರದ ಪೊಟ್ಟಣ ಮಾರುತ್ತೇನೆ, ಅವತ್ತು ನನ್ನ ಚೀಲದಲ್ಲಿ ಒಂದು ಓಆರ್‌ಎಸ್ ಕೂಡ ಇರಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಬಂದರು. ಏನೂ ಕೇಳದೆ ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು: ಕಲ್ಲುಪ್ಪು, ಒಂದಿಷ್ಟು ಬೆಲ್ಲ. "ಮೊದಲು ಇದನ್ನ ಬಾಯಿಗೆ ಹಾಕ್ಕೊಂಡು ನೀರು ಕುಡಿ. ಕಾಲು ಕೊಡು." ಅವನ ಶೂ ಬಿಚ್ಚಿ, ಪಾದ ಹಿಡಿದು, ಬೆರಳುಗಳನ್ನು ಮೊಣಕಾಲಿನ ಕಡೆಗೆ ನಿಧಾನವಾಗಿ ಒತ್ತಿದರು. ಮೇಷ್ಟ್ರು ಕಾಲು ಮುಟ್ಟುತ್ತಿದ್ದಾರೆ ಅಂತ ಅವನಿಗೆ ಸಂಕೋಚ. "ಸುಮ್ನಿರೋ, ಕಂಬಳದ ಕೋಣಕ್ಕೂ ತಿಕ್ಕುತಾರೆ" ಅಂದರು.

ಹದಿನೈದು ನಿಮಿಷ ಹೋಯಿತು. ಆಮೇಲೆ ಐದು ತಿರುವು ಮೂವರೂ ಸೈಕಲ್ ತಳ್ಳಿಕೊಂಡು ನಡೆದೆವು. ಹತ್ತಬಲ್ಲ ಮೇಷ್ಟ್ರೂ ನಡೆದರು. ಅದರಿಂದ ಅವನಿಗೆ ಏನು ಸಹಾಯವಾಯಿತು ಅಂದರೆ, ಏನೂ ಇಲ್ಲ. ಅವನ ಸೈಕಲ್ ಅವನೇ ತಳ್ಳಿದ. ಮೇಲೆ ಸೂರ್ಯಾಸ್ತ ನೋಡುವ ಜಾಗದಲ್ಲಿ ಉರಿಬಿಸಿಲಿನಲ್ಲಿ ನಿಂತು, ಅಲ್ಲಿ ಎಲ್ಲೋ ಸಮುದ್ರ ಇರಬೇಕು ಅಂತ ಕೈ ಅಡ್ಡ ಹಿಡಿದು ನೋಡಿದ್ದಾಯಿತು.

ಎಲ್ಲರೂ ಹೀಗೆ ನಿಲ್ಲುತ್ತಾರೆ ಅಂದುಕೊಳ್ಳಬೇಡಿ. ನನ್ನ ಮೊದಲ 200ರಲ್ಲಿ ಜೊತೆಗಿದ್ದವರೊಬ್ಬರಿಗೆ 140ನೇ ಕಿಲೋಮೀಟರಿನಲ್ಲಿ ಎರಡನೇ ಸಲ ಪಂಕ್ಚರ್ ಆಯಿತು. ಅವರ ಟ್ಯೂಬ್ ಮುಗಿದಿತ್ತು. ನನ್ನ ಹತ್ತಿರ ಒಂದು ಇತ್ತು. ನನಗೇ ಬೇಕಾದರೆ ಅಂತ ಇಟ್ಟುಕೊಂಡು, "ಹಿಂದೆ ಬರೋರ ಹತ್ರ ಇರುತ್ತೆ ಸಾರ್" ಅಂತ ಹೇಳಿ ಹೊರಟುಬಿಟ್ಟೆ. ನಲವತ್ತು ನಿಮಿಷ ಮೊದಲೇ ಮುಗಿಸಿದೆ. ಟ್ಯೂಬ್ ಹಾಗೇ ಚೀಲದಲ್ಲಿತ್ತು. ಅವರು ಕೊನೆಗೆ ಲಗೇಜ್ ಆಟೋದಲ್ಲಿ ವಾಪಸ್ ಬಂದರಂತೆ. ನಿಯಮದ ಪ್ರಕಾರ ನನ್ನದೇನೂ ತಪ್ಪಿಲ್ಲ, ಯಾರೂ ಏನೂ ಅನ್ನಲಿಲ್ಲ. ಆ ಕಾರ್ಡ್ ಮಾತ್ರ ನಾನು ಗೋಡೆಗೆ ಹಾಕಿಲ್ಲ.

ಮತ್ತೆ ದಾರಿಗೆ ಬರೋಣ. ಶೃಂಗೇರಿ ಬಿಟ್ಟಾಗ ಐದೂವರೆ. ಉಳಿದದ್ದು ಹತ್ತಿರ ಹತ್ತಿರ 90 ಕಿ.ಮೀ., ಆರೂವರೆ ಗಂಟೆ. ಲೆಕ್ಕಕ್ಕೆ ಸಾಕು, ಆದರೆ ಆ ದಾರಿಯಲ್ಲಿ ಸಮತಟ್ಟು ಅನ್ನುವುದೇ ಇಲ್ಲ. ಹತ್ತು, ಇಳಿ, ಮತ್ತೆ ಹತ್ತು. ಹೆಸರಿರುವ ಘಾಟಿಗಿಂತ ಹೆಸರಿಲ್ಲದ ಇಂಥ ಏರುಗಳೇ ಜೀವ ತೆಗೆಯುವುದು. ಬಾಳೆಹೊನ್ನೂರಿನ ಸೇತುವೆಯ ಮೇಲೆ ಮೇಷ್ಟ್ರು, "ಶೃಂಗೇರೀಲಿ ತುಂಗೆ, ಇಲ್ಲಿ ಭದ್ರೆ. ಎರಡೂ ಹುಟ್ಟೋದು ಒಂದೇ ಗಂಗಾಮೂಲದಲ್ಲಿ, ಆಮೇಲೆ ಬೇರೆ ಬೇರೆ ಹರಿದು ಕೂಡ್ಲಿಯಲ್ಲಿ..." ಅಂತ ಶುರು ಮಾಡಿದರು. "ಮೇಷ್ಟ್ರೇ, ಈಗ ಬೇಡ" ಅಂದ ಹುಡುಗ. ಕಾಲು ಸರಿಹೋಗಿತ್ತು ಅಂತ ಕಾಣುತ್ತೆ, ರಾತ್ರಿಯ ತಂಪಿಗೆ ಅವನಿಗೆ ಜೀವ ಬಂದಿತ್ತು. ನಮ್ಮನ್ನು ಬಿಟ್ಟು ಹೊರಟ. ಅವನ ಕೆಂಪು ಹಿಂದೀಪ ಒಂದೆರಡು ತಿರುವು ಕಂಡು ಆಮೇಲೆ ಇಲ್ಲ. ಹೋಗಲಿ, ಅವನಾದರೂ ಸಮಯಕ್ಕೆ ಮುಟ್ಟಲಿ ಅಂದುಕೊಂಡೆವು.

ಅದಾದ ಮೇಲಿನ ಎರಡು ಗಂಟೆಯನ್ನು ನಾನು ಯಾವುದಕ್ಕೂ ಬದಲಿ ಕೊಡುವುದಿಲ್ಲ. ಹಿಂದಿನ ವಾರ ಹೂಮಳೆ ಆಗಿತ್ತು. ರಸ್ತೆಯ ಎರಡೂ ಬದಿ ಕಾಫಿ ತೋಟ, ಹೂ ಬಿಟ್ಟು ನಿಂತಿತ್ತು. ದೀಪದ ಬೆಳಕಿಗೆ ಗಿಡದ ಕೊಂಬೆಗಳು ಅಕ್ಕಿಹಿಟ್ಟು ಮೆತ್ತಿದ ಹಾಗೆ ಕಾಣುತ್ತಿದ್ದವು. ಮಲ್ಲಿಗೆಯಂಥದ್ದೇ ವಾಸನೆ, ಅದಕ್ಕಿಂತ ಸ್ವಲ್ಪ ದಪ್ಪ. ಏರಿನಲ್ಲಿ ಬಾಯಿ ತೆರೆದು ಉಸಿರೆಳೆದರೆ ನಾಲಿಗೆಗೇ ತಾಗಿದ ಹಾಗೆ. ಇದೇ ರಸ್ತೆಯಲ್ಲಿ ಕಾರಿನಲ್ಲಿ ಎಷ್ಟೋ ಸಲ ಓಡಾಡಿದ್ದೇನೆ, ಕಿಟಕಿ ಇಳಿಸಿ "ಆಹಾ" ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಅವತ್ತು ಅದರೊಳಗೇ ಎರಡು ಗಂಟೆ. ಮೇಷ್ಟ್ರೂ ನಾನೂ ಆಡಿದ್ದು ಹತ್ತು ಮಾತಿರಬಹುದು. "ಗುಂಡಿ." "ನೋಡಿದೆ." "ಲಾರಿ." ಅಷ್ಟೇ.

ಆಲ್ದೂರು ಇನ್ನೇನು ಬಂತು ಅನ್ನುವಾಗ ಒಂದು ಬಸ್‌ಸ್ಟ್ಯಾಂಡಿನ ಮುಂದೆ ಟಾರ್ಚು. ತೋಟದ ವಾಚ್‌ಮನ್ ಕೈ ಅಡ್ಡ ಹಿಡಿದ. "ಮುಂದೆ ಆನೆ ಇದಾವೆ ಸ್ವಾಮಿ, ರಸ್ತೆ ದಾಟೋ ತನಕ ನಿಲ್ಲಿ." ಆ ಕಡೆ ಆನೆ ಕಾಟ ಎಷ್ಟಿದೆ ಅಂತ ಅಲ್ಲಿಯವರನ್ನು ಕೇಳಿ, ಅವನ ಮಾತು ಮೀರುವ ಪ್ರಶ್ನೆಯೇ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಹುಡುಗ.

"ನೀನ್ಯಾಕೋ ಇಲ್ಲಿ?"

ಅರ್ಧ ಗಂಟೆ ಮೊದಲೇ ಬಂದಿದ್ದನಂತೆ. ಆಗ ದಾರಿ ಖಾಲಿ ಇತ್ತು, ಒಂದು ಜೀಪು ಚಿಕ್ಕಮಗಳೂರಿನ ಕಡೆಗೇ ಹೊರಟಿತ್ತು, ಅದರ ಹಿಂದೆ ಹೋಗಿಬಿಡು ಅಂತ ವಾಚ್‌ಮನ್ನೇ ಹೇಳಿದ್ದನಂತೆ. "ನಿಮ್ಮಿಬ್ಬರ ಲೈಟೂ ಡಿಮ್ ಅಲ್ವಾ ಸಾರ್, ಆನೆ ನಿಮಗೆ ಕಾಣಲ್ಲ ಅನ್ನಿಸ್ತು" ಅಂದ. ನಿಜ, ನಮ್ಮ ದೀಪಗಳ ಚಾರ್ಜ್ ಮುಗಿಯುತ್ತಾ ಬಂದಿತ್ತು.

ತೋಟದೊಳಗೆ ಕೊಂಬೆ ಮುರಿಯುವ ಲಟಕ್ ಲಟಕ್ ಕೇಳುತ್ತಿತ್ತು. ಯಾರೂ ಮಾತಾಡಲಿಲ್ಲ. ವಾಚ್‌ಮನ್ ಬೀಡಿ ಹಚ್ಚಿದ. ನಲವತ್ತು ನಿಮಿಷವಾದ ಮೇಲೆ ಅವನ ಫೋನಿಗೆ ಆಚೆ ತೋಟದವರು ಸುದ್ದಿ ಕೊಟ್ಟರು, ದಾಟಿದವು ಅಂತ. ಹುಡುಗನ ದೀಪ ಮುಂದೆ, ನಾವಿಬ್ಬರು ಹಿಂದೆ, ಗಂಟೆ ಬಾರಿಸುತ್ತಾ ಹೊರಟೆವು. ರಸ್ತೆಯ ಮೇಲೆ ಬಿದ್ದಿದ್ದ ಲದ್ದಿ ಇನ್ನೂ ಹಬೆಯಾಡುತ್ತಿತ್ತು.

ಚಿಕ್ಕಮಗಳೂರು ಮುಟ್ಟಿದಾಗ 12 ಗಂಟೆ 9 ನಿಮಿಷ. ಗಡುವು 12ಕ್ಕೆ. ಕಂಟ್ರೋಲಿನಲ್ಲಿ ಕೂತಿದ್ದವರು ಪಾಪ ಬೇಜಾರಿನಿಂದಲೇ ಸಮಯ ಬರೆದು ಕಾರ್ಡ್ ವಾಪಸ್ ಕೊಟ್ಟರು. ಮೂವರದ್ದೂ ಲೆಕ್ಕಕ್ಕಿಲ್ಲ. ಮುಂದಿನ ಸಲ ಮೊದಲಿಂದ ಮತ್ತೆ 300.

ಹುಡುಗ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ: "ಒಂಬತ್ತು ನಿಮಿಷ. ಆನೆದಲ್ಲ ಸಾರ್ ತಪ್ಪು. ಕೊಟ್ಟಿಗೆಹಾರದಲ್ಲಿ ನೀವು ಎರಡನೇ ಪ್ಲೇಟ್ ನೀರುದೋಸೆ ತಗೊಂಡ್ರಲ್ಲ, ಅದು."

ಸುಳ್ಳು. ಎರಡನೇ ಪ್ಲೇಟ್ ತಗೊಂಡಿದ್ದು ಮೇಷ್ಟ್ರು.