ನೀರಿಲ್ಲದ ಅಂಗಳಕ್ಕೆ ಲಾವಂಚ

ಪ್ರಶ್ನೆ: ನಮ್ಮದು ಚಳ್ಳಕೆರೆ ಸಮೀಪದ ಊರು. ಗೇಟಿನಿಂದ ಬಾಗಿಲವರೆಗಿನ ದಾರಿಯ ಎರಡೂ ಬದಿಗೆ ಅಂದದ ಹುಲ್ಲು ಬೆಳೆಸುವ ಆಸೆಯಿದೆ; ಆದರೆ ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ಮನೆ ಬಳಕೆಗೇ ಸಾಲುವುದಿಲ್ಲ. ನರ್ಸರಿಯವರು ನೇರಳೆ ಬಣ್ಣದ ಫೌಂಟನ್ ಹುಲ್ಲು ತೋರಿಸಿದರು, ನಮ್ಮ ತಾಯಿ ಲಾವಂಚವೇ ಸಾಕೆಂದರು. ಎರಡು ಲಾವಂಚದ ಸಸಿ ತಂದು ಎಲೆ ಉಜ್ಜಿ ನೋಡಿದರೆ ಪರಿಮಳವೇ ಇಲ್ಲ. ಮೋಸ ಹೋದೆವೇ?

ಉತ್ತರ: ಮೋಸ ಹೋಗಿಲ್ಲ. ಎಲೆ ಉಜ್ಜಿದಾಗ ಘಮಘಮಿಸುವುದು ನಿಂಬೆ ಹುಲ್ಲು. ಲಾವಂಚದ ಪರಿಮಳವೆಲ್ಲ ಬೇರಿನಲ್ಲಿದೆ. ನಿಮ್ಮ ಊರಿನ ಮಳೆಯ ಪ್ರಮಾಣವನ್ನು ನೋಡಿದರೆ ತಾಯಿಯವರ ಮಾತೇ ಸರಿ. ಲಾವಂಚ ಈ ನೆಲದ್ದೇ ಹುಲ್ಲು, ನಮ್ಮ ಹಿರಿಯರು ಮುಡಿವಾಳವೆಂದು ಕರೆದದ್ದೂ ಇದನ್ನೇ. ಫೌಂಟನ್ ಹುಲ್ಲು ಆಫ್ರಿಕಾ ಮೂಲದ್ದು. ಅದರ ಹಸಿರು ಬಗೆಯು ಹವಾಯಿ ದ್ವೀಪಗಳಲ್ಲಿ ಬೀಜದಿಂದ ಹಬ್ಬಿ, ಒಣಗಿ, ಕಾಳ್ಗಿಚ್ಚಿಗೆ ಮೇವಾಗಿ ದೊಡ್ಡ ಪಿಡುಗಾಗಿದೆ. ನೇರಳೆ ಬಗೆ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲವಾದ್ದರಿಂದ ಆ ದೂರನ್ನು ಅದರ ಮೇಲೆ ಹೊರಿಸುವುದು ನ್ಯಾಯವಲ್ಲ.

ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತದೆ. ಮಣ್ಣು ಸಡಿಲವಾಗಿದ್ದರೆ ಮೊದಲ ವರ್ಷದಲ್ಲೇ ಮೂರು ಮೀಟರ್ ಆಳ ತಲುಪಬಲ್ಲದು. ಚಿಗುರುವ ಮೊಗ್ಗುಗಳು ಬುಡದಲ್ಲಿ, ಮಣ್ಣಿನ ಮಟ್ಟಕ್ಕಿಂತ ತುಸು ಕೆಳಗೇ ಅಡಗಿರುವುದರಿಂದ, ಏಪ್ರಿಲ್ ಬಿಸಿಲಿಗೆ ಎಲೆಗಳೆಲ್ಲ ಕಂದಿದರೂ ಮಳೆ ಬಿದ್ದೊಡನೆ ಮತ್ತೆ ಹಸಿರಾಗುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುಗಳಲ್ಲಿ ಇದರ ಸಾಲನ್ನು ಉಳಿಸಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿ ತಡೆಯಲು ಲಾವಂಚವನ್ನು ಹೊರದೇಶಗಳಿಗೆ ಪರಿಚಯಿಸುವಾಗ ಆ ಬದುಗಳನ್ನೇ ಉದಾಹರಣೆಯಾಗಿ ತೋರಿಸಿದರು.

ನೆಡುವುದಕ್ಕೆ ಮುಂಗಾರಿನ ಆರಂಭವೇ ಸರಿಯಾದ ಕಾಲ. ಹಳೆಯ ಬುಡವನ್ನು ಬಿಡಿಸಿ, ಎರಡು ಮೂರು ತೆಂಡೆಗಳಿರುವ (ತೆಂಡೆ ಎಂದರೆ ಬುಡದಿಂದ ಒಡೆದ ಕವಲು) ತುಂಡುಗಳನ್ನಾಗಿ ಮಾಡಿ, ಎಲೆಯನ್ನು ಒಂದು ಗೇಣಿನಷ್ಟು ಉಳಿಸಿ ಕತ್ತರಿಸಿ, ಬೇರನ್ನೂ ನಾಲ್ಕು ಬೆರಳಿನಷ್ಟಕ್ಕೆ ಸವರಿ ನೆಡಬೇಕು. ಬೇಲಿಯಾಗಬೇಕಾದರೆ ಗೇಣಿಗಿಂತ ಕಡಿಮೆ ಅಂತರ ಸಾಕು. ನಿಮಗೆ ಬೇಕಿರುವುದು ಕಾರಂಜಿಯಂತೆ ಬಾಗಿದ ಬಿಡಿಬಿಡಿ ಬುಡಗಳಾದ್ದರಿಂದ ಎರಡೂವರೆ ಮೂರು ಅಡಿ ಬಿಡಿ. ಬೇರೂರುವ ತನಕ, ಅಂದರೆ ಮೊದಲ ಎರಡು ಮೂರು ತಿಂಗಳು, ಮಳೆ ಕೈಕೊಟ್ಟರೆ ನೀರು ಕೊಡಲೇಬೇಕು. ಬರ ತಡೆಯುವ ಹುಲ್ಲೆಂಬ ಹೆಸರನ್ನು ನಂಬಿ ಈ ಹಂತದಲ್ಲೇ ಕೈಬಿಡುವವರು ಹೆಚ್ಚು. ಇನ್ನೊಂದು ಎಚ್ಚರಿಕೆ ನೆರಳಿನದು: ಬೇವಿನ ಮರದ ಕೆಳಗೆ ನೆಟ್ಟರೆ ಅದು ಸೊರಗುತ್ತದೆ. ಗೊಬ್ಬರದ ಚಿಂತೆ ಬೇಡ, ನೆಡುವಾಗ ಒಂದು ಬೊಗಸೆ ಕೊಟ್ಟಿಗೆ ಗೊಬ್ಬರ ಹಾಕಿದರಾಯಿತು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಮೊಣಕಾಲೆತ್ತರಕ್ಕೆ ಕುಡುಗೋಲಿನಿಂದ ಸವರಿದರೆ ಹೊಸ ತೆಂಡೆ ಒಡೆದು ಬುಡ ತುಂಬಿಕೊಳ್ಳುತ್ತದೆ. ಕತ್ತರಿಸಿದ ಎಲೆಯನ್ನು ಬುಡಕ್ಕೇ ಹೊದಿಸಿ.

ಪ್ರಶ್ನೆ: ಬೆಂಗಳೂರಿನ ತಾರಸಿಯಲ್ಲಿ ಕುಂಡದಲ್ಲಿ ಲಾವಂಚ ಬೆಳೆಸಬಹುದೇ? ಕುಡಿಯುವ ನೀರಿನ ಮಡಕೆಗೆ ಬೇರೂ ಬೇಕು.

ಉತ್ತರ: ಬೆಳೆಸಬಹುದು, ಆದರೆ ಕುಂಡದಲ್ಲಿ ಬೇರಿಗೆ ಆಳವಿಲ್ಲದ್ದರಿಂದ ಬರ ತಡೆಯುವ ಗುಣ ಅಲ್ಲಿ ಕಾಣದು, ಬೇಸಿಗೆಯಲ್ಲಿ ನೀರು ಹಾಕುತ್ತಲೇ ಇರಬೇಕು. ಹಳೆಯ ಡ್ರಮ್ಮು ಅಥವಾ ಎತ್ತರದ ಚೀಲಕ್ಕೆ ಮರಳು ಬೆರೆತ ಮಣ್ಣು ತುಂಬಿ ನೆಟ್ಟರೆ ಸುಮಾರು ಒಂದೂವರೆ ವರ್ಷಕ್ಕೆ ಬೇರು ಬಲಿಯುತ್ತದೆ. ಆಗ ಚೀಲವನ್ನು ಸೀಳಿ ಬೇರು ಬಿಡಿಸಿ, ಮಣ್ಣು ಹೋಗುವಂತೆ ತೊಳೆದು ನೆರಳಿನಲ್ಲಿ ಒಣಗಿಸಿ, ಬುಡದಿಂದ ಎರಡು ತೆಂಡೆ ಉಳಿಸಿಕೊಂಡು ಮತ್ತೆ ನೆಡಿ. ಬೇರು ಕಿತ್ತ ವರ್ಷ ಹುಲ್ಲಿನ ಅಂದ ಸಿಗದು. ಎರಡೂ ಬೇಕೆನ್ನುವವರು ಎರಡು ಚೀಲ ಇಟ್ಟುಕೊಳ್ಳುವುದು ವಾಸಿ.