ಉಸಿರು ಹಿಡಿದು ಕೂತವರು

ಕೊಡಗಿನಲ್ಲಿ ಕಕ್ಕಡ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಬಿರುಮಳೆಯ ಕಾಲ, ಬಂದಾಗಲೆಲ್ಲ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಒಂದೇ ಬಗೆಯ ಸಂಕಟ ಹೊತ್ತವರು ಬರುತ್ತಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದದ್ದನ್ನು ಕಣ್ಣಾರೆ ಕಂಡವರು ಕೆಲವರು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟದಲ್ಲಿ ಆದ ಕುಸಿತವನ್ನು ಕೇಳಿ ಹಳೆಯ ಭಯ ಮರುಕಳಿಸಿದವರು ಮತ್ತೆ ಕೆಲವರು. ಇವರಲ್ಲಿ ಹೆಚ್ಚಿನವರು ನಿದ್ರೆಯಿಲ್ಲ ಎನ್ನುತ್ತಾರೆ. ಆದರೆ ತಮಗೆ ಯಾವ ತೊಂದರೆಯೂ ಉಳಿದಿಲ್ಲ, ಸಾಧನೆಯಿಂದ ಎಲ್ಲವನ್ನೂ ದಾಟಿದ್ದೇವೆ, ಮನೆಯವರ ಒತ್ತಾಯಕ್ಕೆ ಬಂದಿದ್ದೇವೆ ಎನ್ನುವ ಕೆಲವರೂ ಇರುತ್ತಾರೆ. ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದವರು ಇವರೇ. ಅಂಥ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಅವರನ್ನು ಬೆಳೆಗಾರರು ಎಂದಷ್ಟೇ ಕರೆಯುತ್ತೇನೆ. ಐವತ್ತು ದಾಟಿದವರು. ಗುಡ್ಡ ಕುಸಿದ ವರ್ಷ ಅವರ ಕಾಫಿ ತೋಟದ ಮೇಲ್ಭಾಗ ಮನೆಯ ಮೇಲೆಯೇ ಜಾರಿ ಬಂದಿತ್ತು. ಅವರು, ಅವರ ಹೆಂಡತಿ ಮತ್ತು ವಯಸ್ಸಾದ ತಾಯಿ ಹೇಗೋ ಪಾರಾಗಿದ್ದರು. ಬಾಡಿಗೆ ಮನೆಗೆ ಬಂದ ಕೆಲವು ತಿಂಗಳಲ್ಲಿ ತಾಯಿ ತೀರಿಕೊಂಡರು. ಆಮೇಲೆ ಬೆಳೆಗಾರರು ಯೋಗ ಕಲಿತರು, ಶಿಬಿರಗಳಿಗೆ ಹೋದರು, ಬೆಳಗಿನ ಮೂರೂವರೆಗೆ ಎದ್ದು ಎರಡು ಗಂಟೆ ಪ್ರಾಣಾಯಾಮ ಮತ್ತು ಧ್ಯಾನದಲ್ಲಿ ಕೂರುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಹುಡುಗುತನದಿಂದ ಹಬ್ಬ, ಮದುವೆಗಳಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುತ್ತಿದ್ದವರು ಅದನ್ನು ಬಿಟ್ಟರು. ಗದ್ದಲ ಬೇಡವೆನಿಸಿತು ಎಂದರು. ‘ಮನೆಯಲ್ಲಿದ್ದೂ ಇಲ್ಲದವರ ಹಾಗಿದ್ದಾರೆ’ ಎಂಬುದು ಹೆಂಡತಿಯ ದೂರು.

ಮೊದಲ ಮೂರು ಭೇಟಿಗಳಲ್ಲಿ ಹೆಚ್ಚೇನೂ ನಡೆಯಲಿಲ್ಲ. ನಾಲ್ಕನೆಯ ಭೇಟಿ ಜುಲೈ ಕೊನೆಯಲ್ಲಿತ್ತು. ಮಾತಿನ ನಡುವೆ ಮಳೆ ಜೋರಾಗಿ, ನನ್ನ ಕೋಣೆಯ ಪಕ್ಕದ ತಗಡಿನ ಮಾಡಿನ ಮೇಲೆ ಸುರಿಯತೊಡಗಿತು. ನಾನು ದನಿ ಏರಿಸಿ ಮಾತಾಡಲು ಹೋದಾಗ ಅವರು ನಕ್ಕು, ‘ಮೇಡಂ, ನನಗೆ ಇದು ತೊಂದರೆಯೇ ಅಲ್ಲ. ಉಸಿರು ಹಿಡಿದರೆ ಮಳೆಯ ಸದ್ದು ನಿಂತುಬಿಡುತ್ತದೆ’ ಎಂದರು. ತೋರಿಸುವಿರಾ ಎಂದು ಕೇಳಿದೆ. ಅವರು ಬೆನ್ನು ನೇರ ಮಾಡಿ, ಕಣ್ಣು ಮುಚ್ಚಿ, ಉಸಿರು ತುಂಬಿಕೊಂಡು ಹಿಡಿದರು. ಅರ್ಧ ನಿಮಿಷವಾಗುವಷ್ಟರಲ್ಲಿ ಅವರ ಭುಜಗಳು ಮೇಲೇರಿದ್ದವು, ದವಡೆ ಬಿಗಿದಿತ್ತು, ಕತ್ತು ಸ್ವಲ್ಪ ಎಡಕ್ಕೆ ವಾಲಿತ್ತು. ಧ್ಯಾನಕ್ಕೆ ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇದು ದೂರದ ಸದ್ದಿಗೆ ಕಿವಿ ಕೊಟ್ಟವರ ಮೈಕಟ್ಟು. ಅವರು ಉಸಿರು ಬಿಟ್ಟ ಕೂಡಲೇ, ಯೋಚಿಸಲು ಬಿಡುವು ಕೊಡದೆ, ‘ಯಾವ ಕಡೆಗೆ ಕಿವಿ ಕೊಟ್ಟಿದ್ದಿರಿ?’ ಎಂದು ಕೇಳಿದೆ.

‘ಮೇಲಿನ ತೋಟದ ಕಡೆ’ ಎಂದರು.

ಮೇಲಿನ ತೋಟ ಹೊಳೆಗೆ ಸೇರಿ ವರ್ಷಗಳಾಗಿದ್ದವು. ಈಗಿನ ಮನೆಯ ಹಿಂದೆ ಗುಡ್ಡವೇ ಇಲ್ಲ. ತಮ್ಮ ಬಾಯಿಂದ ಬಂದ ಮಾತನ್ನು ಅವರು ತಾವೇ ಕೇಳಿಸಿಕೊಂಡರು. ಬಹಳ ಹೊತ್ತು ಸುಮ್ಮನಿದ್ದು, ಆ ರಾತ್ರಿಯನ್ನು ಮೊದಲ ಬಾರಿಗೆ ಹೇಳಿದರು. ಕರೆಂಟು ಹೋಗಿತ್ತು, ಮಣ್ಣು ಯಾವ ಕಡೆ ಸದ್ದು ಮಾಡುತ್ತಿದೆಯೆಂದು ಗೊತ್ತಾಗದೆ ಮೂವರೂ ಕತ್ತಲಲ್ಲಿ ಉಸಿರು ಹಿಡಿದು ನಿಂತು ಕೇಳಿದ್ದರು, ತಾಯಿಯ ಉಬ್ಬಸ ನಿಲ್ಲದಿದ್ದಾಗ ‘ಒಂದು ಕ್ಷಣ ಉಸಿರಾಡಬೇಡ ಅವ್ವ’ ಎಂದು ಗದರಿದ್ದರು. ತಾಯಿ ಹೋದ ಮೇಲೆ ಆ ಮಾತು ಅವರನ್ನು ಬಿಟ್ಟಿರಲಿಲ್ಲ.

ಅಷ್ಟು ವರ್ಷ ಬ್ರಾಹ್ಮೀ ಮುಹೂರ್ತದಲ್ಲಿ ಅವರು ಮಾಡಿದ ಕುಂಭಕದೊಳಗೆ, ಅಂದರೆ ಉಸಿರು ಹಿಡಿಯುವ ಅಭ್ಯಾಸದೊಳಗೆ, ಆ ರಾತ್ರಿಯ ಕಾವಲೇ ಮುಂದುವರಿದಿತ್ತು ಎಂಬುದು ನನ್ನ ತಿಳಿವಳಿಕೆ. ಉಸಿರು ಹಿಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಗಾಬರಿಯ ಒಲವುಳ್ಳ ಮೆದುಳಿಗೆ ಅದೇ ಅಪಾಯದ ಕರೆಗಂಟೆ. ಆ ಗಂಟೆಯನ್ನು ಹಟದಿಂದ ಸಹಿಸುವುದನ್ನು ಕಲಿತ ಮನುಷ್ಯ ಅದನ್ನೇ ಶಾಂತಿಯೆಂದು ನಂಬುವುದು ಸಾಧ್ಯ. ಅದಕ್ಕೆ ವ್ಯತಿರಿಕ್ತವಾಗಿ ದೀರ್ಘ ನಿಶ್ವಾಸ ಹೃದಯದ ಬಡಿತವನ್ನು ಇಳಿಸುತ್ತದೆ, ಮತ್ತು ಹಾಡುವುದೆಂದರೆ ಮೂಲತಃ ನಿಶ್ವಾಸವನ್ನು ನೀಳವಾಗಿ ಬಿಡುವುದು. ದುಡಿ ಹಿಡಿದು ಹಾಡುವಾಗ ಇಬ್ಬರು ಹೇಳಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಒಬ್ಬರ ಉಸಿರು ಮುಗಿದಲ್ಲಿ ಮತ್ತೊಬ್ಬರದು ಇರುತ್ತದೆ. ಇಂಥದ್ದೊಂದು ಔಷಧ ಮನೆಯ ಗೋಡೆಗೇ ತೂಗುಹಾಕಿತ್ತು, ಅವರು ಅದನ್ನು ಗದ್ದಲವೆಂದು ಕೈಬಿಟ್ಟಿದ್ದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಮಳೆಗಾಲ ಮುಗಿಯುವವರೆಗೆ ಕುಂಭಕ ಪೂರ್ತಿಯಾಗಿ ಬೇಡ, ಆಸನಗಳು ಇರಲಿ, ಧ್ಯಾನ ಇಪ್ಪತ್ತು ನಿಮಿಷಕ್ಕೆ ಇಳಿಯಲಿ, ಅದೂ ಕಣ್ಣು ತೆರೆದು, ಹೆಂಡತಿ ಅದೇ ಕೋಣೆಯಲ್ಲಿರುವಾಗ. ಮಳೆ ಜೋರಾದಾಗ ಕೇಳಿಸಿದ್ದನ್ನು ಬಾಯಿಬಿಟ್ಟು ಅವರಿಗೆ ಹೇಳಬೇಕು. ಹಳೆಯ ಜೊತೆಗಾರರೊಂದಿಗೆ ವಾರಕ್ಕೊಮ್ಮೆ ದುಡಿ ಹಿಡಿಯಬೇಕು. ಇವೆಲ್ಲಕ್ಕಿಂತ ಮೊದಲು ಮನೋವೈದ್ಯರನ್ನು ಕಾಣಬೇಕು. ಆಘಾತದ ಲಕ್ಷಣಗಳು ಒಂದು ತಿಂಗಳು ಮೀರಿ ಉಳಿದು ಬದುಕನ್ನು ಕೆಡಿಸುತ್ತಿದ್ದರೆ ಆಪ್ತಸಲಹೆಯೊಂದನ್ನೇ ನೆಚ್ಚಿ ಕೂರಬಾರದೆಂದು ನಾನು ದೃಢವಾಗಿ ನಂಬುತ್ತೇನೆ. ನನ್ನಂಥವರನ್ನು ತಲುಪಲಾಗದ ಊರುಗಳವರು 14416ಕ್ಕೆ, ಅಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, ಕರೆ ಮಾಡಬಹುದು, ಅದಕ್ಕೆ ಶುಲ್ಕವಿಲ್ಲ.

ಅವರಿಗೆ ಯೋಗ ಕಲಿಸಿದವರು ಇದನ್ನು ಒಪ್ಪಲಿಲ್ಲ. ಬೆಳೆಗಾರರ ಅನುಮತಿಯಿಂದ ನಾವಿಬ್ಬರೂ ಮಾತಾಡಿದೆವು. ಸಾಧಕನನ್ನು ದಾರಿಯಿಂದ ಇಳಿಸಿ ಹಾಡು, ಕುಣಿತಕ್ಕೆ ತಳ್ಳಿದ್ದೀರಿ ಎಂದರು. ಆ ಮಾತು ನನಗೆ ನೋವುಂಟುಮಾಡಿತು, ಏಕೆಂದರೆ ಆ ದಾರಿಯ ಮೇಲೆ ನನಗೂ ಗೌರವವಿದೆ. ಆದರೆ ಆನೆ, ಹುಲಿ, ಸಿಂಹಗಳನ್ನು ಪಳಗಿಸುವಂತೆ ಪ್ರಾಣವಾಯುವನ್ನು ಮೆಲ್ಲಮೆಲ್ಲನೆ ವಶಪಡಿಸಿಕೊಳ್ಳಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಎಚ್ಚರಿಸಿದ್ದು ಯೋಗದ ಹಳೆಯ ಗ್ರಂಥವಾದ ಹಠಯೋಗ ಪ್ರದೀಪಿಕೆಯೇ. ದುಬಾರೆಯಲ್ಲಿ ಆನೆ ಪಳಗಿಸುವುದನ್ನು ಬಲ್ಲ ನಮಗೆ ಆ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಹಾಡು ಕೆಳಗಿನ ಮೆಟ್ಟಿಲೆಂಬ ಮಾತು. ಬಸವಣ್ಣನವರು ತಮ್ಮ ಕಾಯವನ್ನು ದಂಡಿಗೆ, ಶಿರವನ್ನು ಸೋರೆ, ನರವನ್ನು ತಂತಿ ಮಾಡಿ ನುಡಿಸೆಂದು ದೇವರನ್ನು ಬೇಡಿದರು. ಆ ಬೇಡಿಕೆಯಲ್ಲಿ ದೇಹ ಎಲ್ಲಿ ಮುಗಿದು ಸಂಗೀತ ಎಲ್ಲಿ ಶುರುವಾಯಿತು, ಭಕ್ತಿ ಎಲ್ಲಿ ಸೇರಿತು ಎಂದು ಗೆರೆ ಎಳೆಯುವುದು ನನ್ನಿಂದಾಗದು. ಸುಗ್ಗಿಯ ಹಬ್ಬವಾದ ಹುತ್ತರಿಯಲ್ಲಿ ಮಂದ್‌ಗೆ, ಅಂದರೆ ಊರವರು ಸೇರುವ ಬಯಲಿಗೆ, ಹೋದವರು ಪರಿಯಕಳಿ ಎಂಬ ಆಟ ನೋಡಿರುತ್ತಾರೆ: ಒಬ್ಬನ ಕೈಯಲ್ಲಿ ಬೆತ್ತ, ಇನ್ನೊಬ್ಬನ ಕೈಯಲ್ಲಿ ಗುರಾಣಿ, ಏಟು ಮೊಣಕಾಲಿನ ಕೆಳಗೆ ಮಾತ್ರ. ಆಟ ಮುಗಿದ ಮೇಲೆ ಹೊಡೆದವನೂ ಹೊಡೆಸಿಕೊಂಡವನೂ ಅಪ್ಪಿಕೊಳ್ಳುತ್ತಾರೆ. ನೋವಿಗೆ ಒಂದು ಮೇರೆಯನ್ನೂ ಒಬ್ಬ ಜೊತೆಗಾರನನ್ನೂ ಒದಗಿಸುವ ಈ ಶಿಸ್ತನ್ನು ನಾನು ಸಾಧನೆಯೆಂದೇ ಕರೆಯುತ್ತೇನೆ. ಬೆಳೆಗಾರರ ಸಾಧನೆಯಲ್ಲಿ ಇಲ್ಲದಿದ್ದವು ಇವೆರಡೇ.

ಅವರು ಮನೋವೈದ್ಯರು ಕೊಟ್ಟ ಔಷಧವನ್ನು ಸುಮಾರು ಒಂದು ವರ್ಷ ತೆಗೆದುಕೊಂಡರು. ದುಡಿಗೆ ಮರಳಲು ಮೂರು ತಿಂಗಳು ಬೇಕಾಯಿತು. ಮೊದಲ ದಿನ ಎರಡು ಸಾಲಿಗೇ ಗಂಟಲು ಕಟ್ಟಿತು, ಜೊತೆಗಾರರು ಅವರನ್ನು ನೋಡದೆ ಹಾಡು ಮುಂದುವರಿಸಿದರು. ಧ್ಯಾನವನ್ನು ಅವರು ಬಿಟ್ಟಿಲ್ಲ, ಬಿಡಬೇಕೆಂದು ನಾನೂ ಹೇಳಲಿಲ್ಲ. ಮರುವರ್ಷದ ಕಕ್ಕಡದಲ್ಲಿ ಒಂದು ನಡುರಾತ್ರಿ ಅವರು ಹೆಂಡತಿಯನ್ನು ಎಬ್ಬಿಸಿ, ಹಿಂದುಗಡೆ ಸದ್ದಾದಂತಿದೆ ಎಂದರಂತೆ. ಇಬ್ಬರೂ ಟಾರ್ಚು ಹಿಡಿದು ಹೊರಗೆ ಬಂದು ನೋಡಿದಾಗ ಹಲಸಿನ ಕೊಂಬೆಯೊಂದು ತಗಡಿನ ಮೇಲೆ ಮುರಿದು ಬಿದ್ದಿತ್ತು. ಆಮೇಲೆ ಕಾಫಿ ಕಾಸಿಕೊಂಡು, ಬೆಳಗಾಗುವವರೆಗೆ ಅವ್ವನ ಬಗ್ಗೆ ಮಾತಾಡುತ್ತ ಜಗಲಿಯಲ್ಲೇ ಕೂತಿದ್ದೆವು ಎಂದು ಹೇಳಿದರು.